ಅತ್ತಿಗೆಯ ಫೋನ್ ಹೋದ ಮೇಲೆ

9 ಅಕ್ಟೋಬರ್ 2025, ಗುರುವಾರ ರಾತ್ರಿ

ಸಂಜೆ ಅತ್ತಿಗೆ ಅಣ್ಣನ ಫೋನಿನಿಂದ ಕರೆ ಮಾಡಿದರು. ಕಳವಾದ ದಿನದಿಂದ ಸೊರಗಿದ್ದ ದನಿಯಲ್ಲಿ ಇವತ್ತು ಜೀವ ಬಂದಿತ್ತು. "ನನ್ನ ಫೋನ್ ಸಿಕ್ಕಿದೆಯಂತೆ ಕಣೇ!"

ಅಣ್ಣನ ನಂಬರಿಗೆ ಒಂದು ಮೆಸೇಜ್ ಬಂದಿತ್ತು. ಕಳೆದುಹೋದ ನಿಮ್ಮ ಐಫೋನ್ ಆನ್ ಆಗಿದೆ, ಎಲ್ಲಿದೆ ಎಂದು ನೋಡಲು ಇಲ್ಲಿ ಒತ್ತಿ. ಕೆಳಗೊಂದು ಲಿಂಕ್. ಮಾಡೆಲ್ ಸರಿಯಾಗಿತ್ತು, ಬಣ್ಣವೂ ಸರಿಯಾಗಿತ್ತು.

"ಒತ್ತಬೇಡಿ ಅತ್ತಿಗೆ. ದಯವಿಟ್ಟು ಒತ್ತಬೇಡಿ."

"ಯಾಕೆ? ಕಂಪನಿಯವರೇ ಕಳಿಸಿದ್ದಾರಲ್ಲ. ಇಲ್ಲದಿದ್ದರೆ ನಿಮ್ಮಣ್ಣನ ನಂಬರ್ ಅವರಿಗೆ ಹೇಗೆ ಗೊತ್ತಾಗಬೇಕು?"

ನಂಬರ್ ಕೊಟ್ಟಿದ್ದು ನಾವೇ. ಕಳವಾದ ದಿನ ಅಣ್ಣ ಫೋನನ್ನು ಲಾಸ್ಟ್ ಮೋಡಿಗೆ, ಅಂದರೆ ದೂರದಿಂದಲೇ ಬೀಗ ಹಾಕುವ ಸ್ಥಿತಿಗೆ, ಹಾಕಿದ್ದ. ಸಿಕ್ಕವರು ಈ ನಂಬರಿಗೆ ತಿಳಿಸಿ ಎಂದು ಪರದೆ ಮೇಲೆ ಬರುತ್ತದಲ್ಲ, ಅಲ್ಲಿ ಅವನ ನಂಬರ್ ಇತ್ತು. ಒಳ್ಳೆಯವರ ಕೈಗೆ ಸಿಕ್ಕಿದ್ದರೆ ಫೋನ್ ವಾಪಸ್ ಬರುತ್ತಿತ್ತು. ಅಣ್ಣ ಮಾಡಿದ್ದು ಸರಿಯೇ. ಆದರೆ ಕಳ್ಳನಿಗೂ ಅದೇ ನಂಬರ್ ಬೇಕಿತ್ತು.

ಅವನ ಕಷ್ಟ ಏನೆಂದು ಅತ್ತಿಗೆಗೆ ನಿಧಾನವಾಗಿ ಹೇಳಿದೆ. 2013ರಿಂದ ಐಫೋನುಗಳಲ್ಲಿ ಆಕ್ಟಿವೇಶನ್ ಲಾಕ್ ಇದೆ. ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಲು ಹೋದರೂ ಫೋನ್ ಹಳೆಯ ಮಾಲೀಕರ ಪಾಸ್‌ವರ್ಡ್ ಕೇಳುತ್ತದೆ. ಅದಿಲ್ಲದಿದ್ದರೆ ಬಿಚ್ಚಿ ಬಿಡಿಭಾಗ ಮಾರಬೇಕು, ಅಷ್ಟೇ. ಅದಕ್ಕೇ ಈ ಲಿಂಕ್. ಒತ್ತಿದರೆ ಕಂಪನಿಯದೇ ಅನ್ನಿಸುವ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಹಾಕಿ ಎನ್ನುತ್ತದೆ. ಪರದೆಯ ಪಾಸ್‌ಕೋಡನ್ನೂ ಕೇಳಬಹುದು. ಹಾಕಿದ ತಕ್ಷಣ ಅದು ಅವನ ಕೈಯಲ್ಲಿ.

ಅತ್ತಿಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಸಿಕ್ಕಿಲ್ಲ" ಎಂದರು.

ನನಗೆ ಎಷ್ಟು ಸಿಟ್ಟು ಬಂತು ಅಂದರೆ! ಫೋನ್ ಕದ್ದಿದ್ದಕ್ಕಿಂತ ಜಾಸ್ತಿ ಸಿಟ್ಟು ಇದಕ್ಕೆ. ಕಳೆದುಕೊಂಡವರ ಆಸೆಯನ್ನೇ ಹಿಡಿದು ಎಳೆಯುವುದಲ್ಲವಾ ಇದು? ಮೆಸೇಜ್ ಬಾರದೆ ಕರೆಯೇ ಬರಬಹುದು, ಬಹಳ ಸಭ್ಯವಾಗಿ ಮಾತಾಡಬಹುದು ಎಂದೂ ಹೇಳಿದೆ. "ನಿಮ್ಮ ಅಕೌಂಟಿನಿಂದ ಫೋನ್ ತೆಗೆದುಹಾಕಿ, ನಿಮ್ಮ ಮಾಹಿತಿಗೆ ಒಳ್ಳೆಯದು" ಅನ್ನಬಹುದು. ಯಾರು ಏನೇ ಹೇಳಲಿ, ತೆಗೆಯಬಾರದು. ತೆಗೆದರೆ ಆ ಲಾಕೇ ಹೋಗಿಬಿಡುತ್ತದೆ.

"ನನ್ನ ಫೋಟೋಗಳನ್ನೆಲ್ಲ ನೋಡ್ತಿರ್ತಾರಾ?" ಇದನ್ನು ಕೇಳುವುದಕ್ಕೇ ಅವರಿಗೆ ಸಂಕೋಚ. ಇಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿದ್ದುದು ಇದೇ ಇರಬೇಕು.

ಇಲ್ಲ ಅತ್ತಿಗೆ. ನಿಮ್ಮ ಪಾಸ್‌ಕೋಡ್ 6 ಅಂಕಿಯದು, ಹುಟ್ಟಿದ ದಿನವೂ ಅಲ್ಲ. ಫೋಟೋಗಳು ಒಳಗೆ ಫೋಟೋಗಳಾಗಿ ಇರುವುದೇ ಇಲ್ಲ, ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಕೀ ಇಲ್ಲದೆ ಓದಲಾಗದ ಗುಪ್ತ ಲಿಪಿಯಲ್ಲಿರುತ್ತವೆ. ಬಿಡಿಸುವ ಕೀ ತಯಾರಾಗುವುದು ನಿಮ್ಮ ಪಾಸ್‌ಕೋಡ್ ಮತ್ತು ಆ ಫೋನಿನ ಚಿಪ್‌ನೊಳಗಿನ ಗುಟ್ಟು ಎರಡೂ ಸೇರಿದಾಗ. ಮೆಮೊರಿ ಕಿತ್ತು ಬೇರೆ ಕಡೆ ಜೋಡಿಸಿದರೆ ಏನೂ ಕಾಣುವುದಿಲ್ಲ. 4 ಅಂಕಿಯಾದರೆ 10,000 ಸಾಧ್ಯತೆ, 6 ಅಂಕಿಯಾದರೆ 10 ಲಕ್ಷ. ತಪ್ಪು ಹಾಕುತ್ತಾ ಹೋದಂತೆ ಫೋನ್ ಕಾಯಿಸುವ ಹೊತ್ತೂ ಹೆಚ್ಚುತ್ತದೆ.

"ನಿಜವಾಗಲೂ?" ಎಂದು ಮತ್ತೆ ಕೇಳಿದರು. ನಿಜವಾಗಲೂ ಎಂದೆ. ಆಗ ಅತ್ತುಬಿಟ್ಟರು.

ಊಟ ಆದ ಮೇಲೆ ನನ್ನ ಫೋನ್ ಹಿಡಿದು ಕೂತೆ. ಪರದೆಗೆ ಬೀಗ ಹಾಕಿದರೂ ಸಿಮ್‌ಗೆ ಬೀಗ ಬಿದ್ದಿರುವುದಿಲ್ಲ. ಎಷ್ಟು ಜನ ಇದನ್ನು ಯೋಚಿಸಿರುತ್ತಾರೆ? ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಸಾಕು, ನಮ್ಮ ನಂಬರ್ ಅವನದು, ಓಟಿಪಿ ಅವನಿಗೆ. ನಮ್ಮ ಹೆಸರಿನ ವಾಟ್ಸಾಪನ್ನೇ ಅಲ್ಲಿ ಶುರು ಮಾಡಬಹುದು. ಗುಂಪಿನಲ್ಲಿರುವ ನೆಂಟರಿಗೆಲ್ಲ "ಅರ್ಜೆಂಟ್, ದುಡ್ಡು ಬೇಕಿತ್ತು" ಎಂದು ಬರೆಯಬಹುದು. ಅಣ್ಣ ಅವತ್ತೇ ಸಿಮ್ ಬ್ಲಾಕ್ ಮಾಡಿಸಿದ್ದರಿಂದ ಉಳಿದುಕೊಂಡೆವು.

ಸೆಟ್ಟಿಂಗಿನಲ್ಲಿ ಸಿಮ್ ಪಿನ್ ಅಂತ ಒಂದು ಇದೆ. ಅದನ್ನು ಹಾಕಿದರೆ ಸಿಮ್ ಯಾವ ಫೋನಿಗೆ ಹೋದರೂ ಪಿನ್ ಕೇಳುತ್ತದೆ. ಇವತ್ತು ಹಾಕಿದೆ. ಮೊದಲ ಸಲ ಸಿಮ್ ಕಂಪನಿ ಕೊಟ್ಟ ಪಿನ್ನೇ ಹಾಕಬೇಕು, ಅಂದಾಜಿನ ಮೇಲೆ ಒತ್ತಬಾರದು. 3 ಸಲ ತಪ್ಪಿದರೆ 8 ಅಂಕಿಯ ಪಿಯುಕೆ, ಅಂದರೆ ಸಿಮ್ ಬೀಗ ಬಿಡಿಸುವ ಸಂಖ್ಯೆ, ಕೇಳುತ್ತದೆ. ಅದೂ 10 ಸಲ ತಪ್ಪಿದರೆ ಸಿಮ್ ಸತ್ತಂತೆಯೇ. ವಾಟ್ಸಾಪಿನ ಎರಡನೇ ಹಂತದ ಪಿನ್ ಕೂಡ ಹಾಕಿದೆ. ಬೀಗ ತೆಗೆಯದೆ ಮೆಸೇಜಿನ ಒಳಗಿನ ಸಾಲು ಕಾಣದಂತೆ ಮಾಡಿದೆ. ಓಟಿಪಿ ಪರದೆ ಮೇಲೇ ಹೊಳೆಯುತ್ತಿದ್ದರೆ ಬೀಗ ಇದ್ದೇನು ಬಂತು? ಇನ್ನೊಂದು, ಐಫೋನಿನಲ್ಲಿ ಬೀಗ ಹಾಕಿದ್ದಾಗಲೂ ಮೇಲಿನಿಂದ ಎಳೆದು ಏರೋಪ್ಲೇನ್ ಮೋಡ್ ಒತ್ತಿ ನೆಟ್‌ವರ್ಕ್ ತಪ್ಪಿಸಬಹುದು. ಕಳ್ಳ ಮೊದಲು ಮಾಡುವ ಕೆಲಸಗಳಲ್ಲಿ ಅದೂ ಒಂದು. ಅದನ್ನೂ ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು.

ಅಣ್ಣನಿಗೆ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಮಾಡು ಎಂದು ಬರೆದೆ. 2024ರ ಜನವರಿಯಲ್ಲಿ ಐಫೋನಿನ ಸಾಫ್ಟ್‌ವೇರ್ ಐಓಎಸ್ 17.3ರ ಜೊತೆ ಬಂದಿದ್ದು. ಕೆಲವು ಕಳ್ಳರು ಹಿಂದೆ ನಿಂತು ಪಾಸ್‌ಕೋಡ್ ನೋಡಿಕೊಂಡು, ಆಮೇಲೆ ಫೋನ್ ಕಸಿಯುತ್ತಾರೆ. ಆ ಅಂಕಿ ಗೊತ್ತಿದ್ದರೆ ಮೊದಲೆಲ್ಲ ಅಕೌಂಟಿನ ಪಾಸ್‌ವರ್ಡನ್ನೇ ಬದಲಿಸಿ ಮಾಲೀಕರನ್ನು ಹೊರಗೆ ಹಾಕಬಹುದಿತ್ತು. ಈಗ ಇದು ಆನ್ ಇದ್ದರೆ, ಮನೆ, ಆಫೀಸಿನಂಥ ಪರಿಚಯದ ಜಾಗದ ಹೊರಗೆ ಅದಕ್ಕೆ ಮುಖವನ್ನೋ ಬೆರಳನ್ನೋ ತೋರಿಸಬೇಕು, ಒಂದು ಗಂಟೆ ಕಾಯಬೇಕು, ಮತ್ತೆ ತೋರಿಸಬೇಕು. ಆ ಒಂದು ಗಂಟೆ ಬಹಳ ದೊಡ್ಡದು. ಅಣ್ಣ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದ. ಮಾಡಿದನೋ ಇಲ್ಲವೋ.

ಮಲಗುವ ಹೊತ್ತಿಗೆ ಅತ್ತಿಗೆಯ ಕರೆ ಮತ್ತೆ ಬಂತು.

"ದೂರದಿಂದಲೇ ಎಲ್ಲ ಅಳಿಸಿಬಿಡಬಹುದು ಅಂತಾರೆ ನಿಮ್ಮಣ್ಣ. ಅಳಿಸಿಬಿಡಲಾ?"

ಅಳಿಸಿ ಅನ್ನಬೇಕು, ಅದೇ ಸರಿ. ಆದರೆ ಅದರಲ್ಲಿ ಅವರ ಅಮ್ಮ ಹಾಡಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದಾರೆ. ಅಮ್ಮ ಈಗಿಲ್ಲ. ಜಾಗ ಸಾಲದೆ ಬ್ಯಾಕಪ್ ಯಾವತ್ತೋ ನಿಂತುಹೋಗಿದೆ. ಆದೇಶ ಕಳಿಸಿದರೆ, ಫೋನ್ ಇಂಟರ್ನೆಟ್ಟಿಗೆ ಸಿಕ್ಕ ಕ್ಷಣ ಆ ಹಾಡೂ ಹೋಗುತ್ತದೆ. ಕಳ್ಳನಿಗಂತೂ ಅದು ಕೇಳಿಸುವುದಿಲ್ಲ. ಅವರಿಗೂ ಇನ್ನು ಕೇಳಿಸುವುದಿಲ್ಲ.

"ಇವತ್ತು ರಾತ್ರಿ ಬೇಡ ಅತ್ತಿಗೆ. ಬೀಗ ಗಟ್ಟಿಯಾಗಿದೆ. ಒಂದೆರಡು ದಿನ ಬಿಟ್ಟು ನೋಡೋಣ" ಎಂದೆ.

ಹಿಂದಿನಿಂದ ಅಣ್ಣನ ದನಿ. ಆ ಫೋನನ್ನು ಒಂದು ಸಲ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬ್ಯಾಕಪ್ ತೆಗೆದ ನೆನಪಂತೆ! ಅತ್ತಿಗೆ ಕರೆ ಕಟ್ ಮಾಡುವುದನ್ನೂ ಮರೆತು ಆ ಕಡೆ ತಿರುಗಿ ಮಾತಾಡತೊಡಗಿದರು.

ನನಗೆ ಖುಷಿಯ ಜೊತೆಗೇ ಎದೆ ಧಸಕ್ ಎಂದಿತು. ಕಂಪ್ಯೂಟರಿಗೆ ತೆಗೆದ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡು ಎಂದು ಟಿಕ್ ಹಾಕದಿದ್ದರೆ ಅದು ತೆರೆದೇ ಇರುತ್ತದೆ. ಆ ಲ್ಯಾಪ್‌ಟಾಪಿನ ಡಿಸ್ಕಿಗೂ, ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಹಾಕಿಲ್ಲ. ಲಾಗಿನ್ ಪಾಸ್‌ವರ್ಡ್ ಇದ್ದರೇನು, ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವನ್ನೂ ಓದಬಹುದು. ಫೋನಿನಲ್ಲಿ ಅಷ್ಟು ಭದ್ರವಾಗಿರುವ ಅತ್ತಿಗೆಯ ಫೋಟೋಗಳು ಅಲ್ಲಿ ಸುಮ್ನೆ ಬಿದ್ದಿವೆ. ಹಾಡೂ ಇದ್ದರೆ ಇರಬೇಕು ಅಲ್ಲೇ.

ನಾಳೆ ಅಣ್ಣ ಬಂದ ಮೇಲೆ ಮೊದಲು ಆ ಲ್ಯಾಪ್‌ಟಾಪ್ ತೆಗೆಸಬೇಕು. ಬ್ಯಾಕಪ್ ಯಾವ ತಿಂಗಳಿನದು ಎಂದು ನೋಡಬೇಕು. ಅಮ್ಮನ ಹಾಡು ಅದಕ್ಕೂ ಮುಂಚಿನದಾಗಿದ್ದರೆ…