ಟಚ್ ಇದೆಯೇ ಎಂದು ಬ್ರೌಸರನ್ನು ಕೇಳಿದ ಒಂದು ಸಾಲು

ಬಸವನಗುಡಿಯ ಒಂದು ಕಲ್ಯಾಣ ಮಂಟಪಕ್ಕೆ ನಾನು ಬರೆದುಕೊಟ್ಟ ಬುಕಿಂಗ್ ಕ್ಯಾಲೆಂಡರಿನಲ್ಲಿ ಚಪ್ಪರದ ದಿನದಿಂದ ಬೀಗರ ಔತಣದವರೆಗಿನ ದಿನಾಂಕಗಳನ್ನು ಒಂದೇ ಎಳೆತದಲ್ಲಿ ಆರಿಸಬಹುದಾಗಿತ್ತು. ಒಪ್ಪಿಸಿದ ಮರುದಿನವೇ ಅಲ್ಲಿನ ಮ್ಯಾನೇಜರ್ ಫೋನ್ ಮಾಡಿ, ‘ಮೌಸ್ ಹಿಡಿದು ಎಳೆದರೆ ಏನೂ ಆಗುತ್ತಿಲ್ಲ, ಪರದೆಯ ಮೇಲೆ ಬೆರಳಿಟ್ಟರೆ ಮಾತ್ರ ಆಗುತ್ತದೆ’ ಎಂದರು. ನಮ್ಮ ಕಚೇರಿಯ ಯಾವ ಲ್ಯಾಪ್‌ಟಾಪಿಗೂ ಟಚ್ ಪರದೆ ಇರಲಿಲ್ಲವಾದ್ದರಿಂದ ಈ ದೋಷ ಅಲ್ಲಿ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ.

ತಪ್ಪು ನನ್ನದೇ. ಬೆರಳು ತಾಗಿದ್ದು, ಮೌಸ್ ಒತ್ತಿದ್ದು ಇಂಥವನ್ನು ಬ್ರೌಸರು ‘ಈವೆಂಟ್’ಗಳಾಗಿ ತಿಳಿಸುತ್ತದೆ; ಅವಕ್ಕೆ ಕಾದಿದ್ದು ಓಡುವ ಕೋಡೇ ‘ಲಿಸನರ್’. ಬ್ರೌಸರಿನ ಕಿಟಕಿಯನ್ನು ಕೋಡಿನಲ್ಲಿ ಪ್ರತಿನಿಧಿಸುವ ವಿಂಡೋ ಆಬ್ಜೆಕ್ಟಿನಲ್ಲಿ ‘ಆನ್‌ಟಚ್‌ಸ್ಟಾರ್ಟ್’ ಇದ್ದರೆ ಟಚ್ ಲಿಸನರ್‌ಗಳನ್ನೂ ಇಲ್ಲದಿದ್ದರೆ ಮೌಸ್ ಲಿಸನರ್‌ಗಳನ್ನೂ ಜೋಡಿಸುವ ಇಫ್-ಎಲ್ಸ್ ಬರೆದಿದ್ದೆ. ಬ್ರೌಸರು ಟಚ್ ಈವೆಂಟ್‌ಗಳನ್ನು ಕೊಡಬಲ್ಲದೇ ಎಂಬುದಷ್ಟೇ ಆ ಪರೀಕ್ಷೆಯಿಂದ ತಿಳಿಯುತ್ತದೆ. ಬಳಸುವವರ ಕೈ ಈಗ ಮೌಸಿನ ಮೇಲಿದೆಯೋ ಪರದೆಯ ಮೇಲಿದೆಯೋ ಎಂಬುದನ್ನು ಅದು ಹೇಳಲಾರದು. ‘ಮ್ಯಾಕ್ಸ್‌ಟಚ್‌ಪಾಯಿಂಟ್ಸ್’ (ಪರದೆ ಒಮ್ಮೆಗೆ ಎಷ್ಟು ಬೆರಳು ಗುರುತಿಸಬಲ್ಲದೆಂಬ ಸಂಖ್ಯೆ) ನೋಡಿದ್ದರೂ ಕಥೆ ಇಷ್ಟೇ. ಬ್ರೌಸರು ತಾನು ಯಾವುದು, ಯಾವ ಸಾಧನದಲ್ಲಿದ್ದೇನೆ ಎಂದು ಹೇಳಿಕೊಳ್ಳುವ ಸಾಲಾದ ಯೂಸರ್ ಏಜೆಂಟ್ ಓದೋಣವೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಆದರೆ 2019ರ ಐಪ್ಯಾಡ್‌ಓಎಸ್ 13ರಿಂದೀಚೆಗೆ ಐಪ್ಯಾಡೇ ತನ್ನನ್ನು ಮ್ಯಾಕ್ ಎಂದು ಪರಿಚಯಿಸಿಕೊಳ್ಳುತ್ತಿದೆ. ಎರಡೂ ಬಗೆಯ ಲಿಸನರ್‌ಗಳನ್ನು ಜೋಡಿಸಿ ನೋಡಿದಾಗ, ಒಮ್ಮೆ ತಟ್ಟಿದರೆ ಟಚ್ ಈವೆಂಟಿನ ಬೆನ್ನಿಗೇ ಅನುಕರಣೆಯ ಮೌಸ್ ಈವೆಂಟೂ ಬಂದು, ಆಯ್ಕೆಯಾದ ದಿನಾಂಕ ಮರುಕ್ಷಣವೇ ಬಿಟ್ಟುಹೋಗುತ್ತಿತ್ತು.

ಕೊನೆಗೆ ಬೆರಳು, ಮೌಸು, ಪೆನ್ನುಗಳಿಗೆಲ್ಲ ಒಂದೇ ಆದ ಪಾಯಿಂಟರ್ ಈವೆಂಟ್‌ಗಳಿಗೆ ಬದಲಾಯಿಸಿದೆ. ಬಂದದ್ದು ಬೆರಳೋ ಮೌಸೋ ಪೆನ್ನೋ ಎಂಬುದನ್ನು ಅಲ್ಲಿ ಪ್ರತಿಯೊಂದು ಈವೆಂಟೂ ‘ಪಾಯಿಂಟರ್‌ಟೈಪ್’ ಮೂಲಕ ತಾನೇ ಹೇಳುತ್ತದೆ. ಮೌಸ್ ಸರಿಹೋಯಿತು, ಬೆರಳು ಕೆಟ್ಟಿತು! ಬೆರಳು ತಾಗಿದೊಡನೆ ಬ್ರೌಸರು ಆ ಪಾಯಿಂಟರನ್ನು ಮೊದಲು ಮುಟ್ಟಿದ ಚೌಕಕ್ಕೇ ಕಟ್ಟಿಹಾಕುವುದರಿಂದ, ಬೆರಳು 14ರಿಂದ 16ಕ್ಕೆ ಸರಿದರೂ ಈವೆಂಟ್‌ಗಳೆಲ್ಲ 14ರ ಚೌಕಕ್ಕೇ ಬರುತ್ತಿದ್ದವು. ‘ಪಾಯಿಂಟರ್‌ಡೌನ್’ ಆದ ಕೂಡಲೇ ‘ರಿಲೀಸ್‌ಪಾಯಿಂಟರ್‌ಕ್ಯಾಪ್ಚರ್’ ಕರೆದು ಆ ಕಟ್ಟು ಬಿಡಿಸಿದೆ. ಅಷ್ಟಾದರೂ ಎಳೆತ ನಡುವೆಯೇ ನಿಲ್ಲುತ್ತಿತ್ತು, ಏಕೆಂದರೆ ಬ್ರೌಸರು ಅದನ್ನು ಸ್ಕ್ರಾಲ್ ಎಂದು ಬಗೆದು ‘ಪಾಯಿಂಟರ್‌ಕ್ಯಾನ್ಸಲ್’ ಕಳಿಸುತ್ತಿತ್ತು. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ‘ಟಚ್-ಆ್ಯಕ್ಷನ್’ಗೆ ‘ಪ್ಯಾನ್-ವೈ’ ಎಂದು ಕೊಟ್ಟ ಮೇಲೆ ಅಡ್ಡ ಎಳೆತ ನನ್ನ ಕೋಡಿಗೂ ಮೇಲೆಕೆಳಗಿನ ಸ್ಕ್ರಾಲ್ ಬ್ರೌಸರಿಗೂ ಉಳಿಯಿತು.

ಟಚ್ ಇದೆಯೇ ಎಂಬ ಪ್ರಶ್ನೆ ಈಗ ನನ್ನ ಜಾವಾಸ್ಕ್ರಿಪ್ಟಿನಲ್ಲಿಲ್ಲ. ಬೆರಳಿಗೆ ಸಿಗುವಷ್ಟು ಚೌಕಗಳನ್ನು ದೊಡ್ಡದು ಮಾಡಲು ‘ಎನಿ-ಪಾಯಿಂಟರ್: ಕೋರ್ಸ್’ ಎಂಬ ಮೀಡಿಯಾ ಕ್ವೆರಿ, ಅಂದರೆ ಬೆರಳಿನಂಥ ಒರಟು ಪಾಯಿಂಟರ್ ಇದೆಯೇ ಎಂದು ನೋಡುವ ಷರತ್ತೊಂದು ಮಾತ್ರ ಸಿಎಸ್‌ಎಸ್‌ನಲ್ಲಿದೆ.