ಸೋಗೆ ನೆರಳಿನ ಕಾಲುದಾರಿ

ನವೆಂಬರ್ 17, 2024, ಭಾನುವಾರ

ಮಳೆ ಪೂರ್ತಿ ಬಿಟ್ಟಿದೆ, ಹಳ್ಳದ ನೀರೂ ಇಳಿದಿದೆ. ಇಂಥ ದಿನಕ್ಕೇ ಕಾಯುತ್ತಿದ್ದೆ. ತಿಂಡಿ ಮುಗಿಸಿ, ಮೊಬೈಲಿನ ಓಎಸ್‌ಎಮ್‌ಆಂಡ್ ಎಂಬ ನಕ್ಷೆಯ ಆ್ಯಪ್‌ನಲ್ಲಿ, ನಡೆದ ದಾರಿ ದಾಖಲಾಗುವಂತೆ ಟ್ರ್ಯಾಕ್ ರೆಕಾರ್ಡಿಂಗ್ ಹಾಕಿಕೊಂಡು, ಕೆಳಗಿನ ಕೇರಿಯಿಂದ ಹಳ್ಳದಾಚೆಯ ಶಾಲೆಗೆ ಹೋಗುವ ಕಾಲುದಾರಿ ಹಿಡಿದೆ. ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ನಮ್ಮ ಭಾಗದ ಟಾರು ರಸ್ತೆಗಳು ಬಂದಿವೆ. ಜನ ದಿನಾ ನಡೆಯುವ ದಾರಿಗಳು, ಹಳ್ಳ ದಾಟುವ ಕಿರುಸೇತುವೆಗಳಾದ ಕಾಲುಸಂಕಗಳು ಬಂದಿಲ್ಲ.

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ, ಆ ದೇಶವನ್ನು ಕಂಡೇ ಇರದ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಪೋರ್ಟ್-ಒ-ಪ್ರಿನ್ಸ್‌ನ ಬೀದಿಗಳನ್ನು ಕೆಲವೇ ದಿನಗಳಲ್ಲಿ ಇದೇ ನಕ್ಷೆಗೆ ತಂದರು. ಪರಿಹಾರ ತಂಡಗಳು ಅದನ್ನೇ ಹಿಡಿದು ಓಡಾಡಿದವು. ಈ ಕೆಲಸಕ್ಕೆ ನಾನು ಮನಸೋತದ್ದೇ ಆ ಕಥೆ ಓದಿ. ಆದರೆ ಮಲೆನಾಡಿನಲ್ಲಿ ಆ ವಿದ್ಯೆ ನಡೆಯುವುದಿಲ್ಲ. ಮೇಲಿಂದ ನೋಡಿದರೆ ಕಾಣುವುದು ಅಡಿಕೆ ಸೋಗೆಯ ಹಸಿರು, ಅದರಾಚೆ ಸೊಪ್ಪಿನಬೆಟ್ಟ, ಅಷ್ಟೇ. ಕೆಳಗೆ ದಾರಿ ಇದೆಯೋ ಇಲ್ಲವೋ ಎಂಬುದು ನಡೆದವರಿಗೇ ಗೊತ್ತು. ಹಾಗಾಗಿ ನಮ್ಮ ಊರಿನ ನಕ್ಷೆಯನ್ನು ನಾವೇ ಮಾಡಬೇಕು. ದೂರದವರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೂತರೂ ಇದು ಅವರ ಕೈಲಿ ಆಗುವ ಕೆಲಸವಲ್ಲ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವಂತೆಯೂ ಇಲ್ಲ. ಅದು ಗೂಗಲ್‌ನವರ ಸೊತ್ತು. ನಾವು ಕೂಡಿಸಿದ್ದನ್ನಾದರೋ ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದು.

ತೋಟದೊಳಗೆ ಜಿಪಿಎಸ್ ಆಚೀಚೆ ಜಿಗಿಯುತ್ತದೆ. ಹೋದ ದಾರಿಯಲ್ಲೇ ವಾಪಸು ಬಂದು, ಎರಡೂ ಗೆರೆಗಳ ನಡುವೆ ದಾರಿ ಎಳೆದರೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ. ಸಂಕದ ಎರಡೂ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು ಗುರುತು ಹಾಕಿಕೊಂಡೆ. ನಾಲ್ಕು ಅಡಿಕೆ ಮರ ಉದ್ದಕ್ಕೆ ಹಾಸಿ, ಮೇಲೆ ದಬ್ಬೆ ಅಡ್ಡಕ್ಕೆ ಬಿಗಿದಿದ್ದಾರೆ. ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರು. ಎಷ್ಟೋ ಕೈ ತಾಗಿ ಅದರ ಗಂಟುಗಳು ನುಣುಪಾಗಿವೆ. ಮಕ್ಕಳ ಎತ್ತರಕ್ಕೆ ಇನ್ನೊಂದು ಬಿದಿರನ್ನು ಕೆಳಗೆ ಕಟ್ಟಿದ್ದಾರೆ.

ಫೋಟೋ ತೆಗೆಯುವಾಗ ತೋಟದ ಅಜ್ಜ ಬಂದರು. "ಎಂತದು ತಮಾ, ಸರ್ವೆಯವರಾ? ತೋಟದ ಮೇಲೆ ರಸ್ತೆ ಬತ್ತದಾ?"

ಅವರ ಆತಂಕ ಸಹಜವೇ. "ಇಲ್ಲ ಅಜ್ಜ, ಸರ್ಕಾರದ್ದಲ್ಲ" ಎಂದು ಕೂತು ಮೊಬೈಲಿನಲ್ಲಿ ತೋರಿಸಿದೆ. ಯಾರ ಜಮೀನು ಎಲ್ಲಿಯವರೆಗೆ ಎಂದಾಗಲೀ, ಮನೆಯಲ್ಲಿ ಯಾರಿದ್ದಾರೆ ಎಂದಾಗಲೀ ಈ ನಕ್ಷೆಯಲ್ಲಿ ಬರೆಯುವುದಿಲ್ಲ ಎಂದಮೇಲೆ ಅವರಿಗೆ ಸಮಾಧಾನವಾಯಿತು. ಆಮೇಲೆ ಮಾತು ಅವರದ್ದೇ. ಜೋರು ಮಳೆಗೆ ಸಂಕದ ಮೇಲೇ ನೀರು ಹರಿಯುತ್ತದಂತೆ, ಆಗ ಮಕ್ಕಳು ಟಾರು ರಸ್ತೆ ಸುತ್ತಿಕೊಂಡು ಹೋಗಬೇಕಂತೆ. ಹುಷಾರಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ದಾಟಿಸಿದ್ದೂ ಇದೆ. ಮೇ ತಿಂಗಳಲ್ಲಿ ಕೇರಿಯವರೆಲ್ಲ ಸೇರಿ ಮರ ಬದಲಿಸುತ್ತಾರೆ.

ಸಂಜೆ ಈ ನಕ್ಷೆ ತಿದ್ದುವ ತಂತ್ರಾಂಶ ಜೋಸ್ಮ್ ತೆರೆದು ಕೂತೆ. ನಕ್ಷೆಯಲ್ಲಿ ಎಳೆದ ಪ್ರತಿ ಗೆರೆಗೂ ಅದು ಏನೆಂದು ಹೇಳುವ ಟ್ಯಾಗ್ ಹಾಕಬೇಕು: ದಾರಿಗೆ ಹೈವೇ=ಪಾತ್, ಸಂಕದಷ್ಟು ತುಂಡಿಗೆ ಬ್ರಿಡ್ಜ್=ಯೆಸ್, ಅದು ಹಳ್ಳದ ಮೇಲೆ ಹಾಯುವುದರಿಂದ ಲೇಯರ್=1, ಬೈಕ್ ಹೋಗದ ಕಾರಣ ಮೋಟಾರ್‌ಸೈಕಲ್=ನೋ. ಹಳ್ಳವನ್ನು ನೀರು ಹರಿಯುವ ದಿಕ್ಕಿಗೇ ಎಳೆಯಬೇಕು, ಎಳೆದೆ. ಕೇರಿಯ ಹೆಸರನ್ನು ಕನ್ನಡದ ಖಾನೆಯಲ್ಲಿ ಊರವರು ಹೇಳುವ ಹಾಗೇ ಬರೆದೆ. ಮಳೆಗಾಲದ ವಿಷಯವನ್ನು ಮಾತ್ರ ಹೇಗೆ ದಾಖಲಿಸುವುದೆಂದು ತುಂಬ ಯೋಚಿಸಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ದಾರಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಮಳೆ ಕಡಿಮೆಯಾದ ದಿನ ಜನ ದಾಟುತ್ತಾರೆ. ಏನೂ ಬರೆಯದಿದ್ದರೆ ಹೊಸಬರಿಗೆ ಅಪಾಯ. ಕೊನೆಗೆ ನೆರೆ ಬಂದಾಗ ಮುಳುಗುತ್ತದೆ ಎಂದು ವಿವರಣೆಯ ಜಾಗದಲ್ಲಿ ಸ್ಪಷ್ಟವಾಗಿ ಬರೆದು ಅಪ್‌ಲೋಡ್ ಮಾಡಿದೆ. ಇದಕ್ಕಿಂತ ಒಳ್ಳೆಯ ಕ್ರಮ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸಿದ್ದಾಪುರ, ಶಿರಸಿ ಕಡೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಕೇರಿಯ ಸಂಕ ನಕ್ಷೆಯಲ್ಲಿದೆಯಾ ಒಮ್ಮೆ ನೋಡಿ. ಇಲ್ಲದಿದ್ದರೆ ಆ ಜಾಗದಲ್ಲಿ ಒಂದು ನೋಟ್ ಹಾಕಿ. ಮುಂದಿನ ಮಳೆಯೊಳಗೆ ನಾನು ಬಂದು ನಡೆದು ಸೇರಿಸುತ್ತೇನೆ. ನೀವೂ ಜೊತೆಗೆ ಬಂದರೆ ಬಹಳ ಸಂತೋಷ.