ಎರಡೇ ಮಾತ್ರೆ ಕೊಡಿ ಅಣ್ಣ

ಕೊಡಗಿನ ವಿರಾಜಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಮೆಡಿಕಲ್ ಶಾಪ್ ನಡೆಸಿದವನು ನಾನು. ಅಷ್ಟು ವರ್ಷದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಸಲ ಬಿದ್ದ ಮಾತು, "ಎರಡೇ ಮಾತ್ರೆ ಕೊಡಿ ಅಣ್ಣ." ಡಾಕ್ಟರು ಚೀಟಿಯಲ್ಲಿ ಮೂವತ್ತು ದಿನಕ್ಕೆ ಬರೆದಿರುತ್ತಾರೆ. ಬಿಪಿ ಮಾತ್ರೆ, ದಿನಕ್ಕೊಂದು. ತೋಟದಿಂದ ಸಂತೆಗೆ ಬಂದವರು ಮಡಚಿದ ಚೀಟಿಯನ್ನು ಪ್ಲಾಸ್ಟಿಕ್ ಕವರಿನೊಳಗಿಂದ ತೆಗೆದು ಕೊಡುತ್ತಾರೆ, ನಾನು ಲೆಕ್ಕ ಹೇಳುತ್ತೇನೆ, ಅವರು ಕೈಯಲ್ಲಿದ್ದ ನೋಟು ನೋಡಿಕೊಂಡು, ಅಕ್ಕಿಗೆ ಎಷ್ಟು, ಒಣಮೀನಿಗೆ ಎಷ್ಟು, ಎಣ್ಣೆಗೆ ಎಷ್ಟು ಬೇಕು ಅಂತ ಮನಸ್ಸಲ್ಲೇ ಕಳೆದು, ಎರಡು ಸಾಕು ಅನ್ನುತ್ತಾರೆ. ನಾನೂ ಕತ್ತರಿ ತಗೊಂಡು ಎರಡು ಕತ್ತರಿಸಿ ಕೊಟ್ಟಿದ್ದೇನೆ. ಒಂದು ಸಲ ಎರಡು ಸಲ ಅಲ್ಲ. ತಲೆನೋವಿಗಾದರೆ ಎರಡು ಮಾತ್ರೆ ಸರಿ. ಬಿಪಿಗೆ ಎರಡು ಮಾತ್ರೆ ಕೊಟ್ಟರೆ ಏನೂ ಕೊಡದ ಹಾಗೇ.

ಅಂಗಡಿ ಮಗನಿಗೆ ಬಿಟ್ಟ ಮೇಲೆ ಸಿದ್ದಾಪುರದ ಕಡೆ ಒಂದು ತೋಟದ ಹಳೇ ಗೋಡೌನಿನಲ್ಲಿ ನಾವು ಕೆಲವರು ಸೇರಿ ಭಾನುವಾರದ ಉಚಿತ ಕ್ಲಿನಿಕ್ ಶುರು ಮಾಡಿದೆವು. ಇದು ಆರನೇ ವರ್ಷ. ಇಬ್ಬರು ಡಾಕ್ಟರು ವಾರ ಬಿಟ್ಟು ವಾರ ಬರುತ್ತಾರೆ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಸಿಸ್ಟರ್ ಒಬ್ಬರಿದ್ದಾರೆ, ಅವರಿಲ್ಲದಿದ್ದರೆ ಕ್ಲಿನಿಕ್ ನಡೆಯುತ್ತಿರಲಿಲ್ಲ. ಚೀಟಿ ಬರೆಯೋಕೆ, ತೂಕ ನೋಡೋಕೆ ಕಾಲೇಜಿನ ಹುಡುಗಿಯರಿಬ್ಬರು. ಔಷಧಿ ಕಪಾಟು ಮತ್ತು ರಿಜಿಸ್ಟರ್ ನನ್ನ ಜವಾಬ್ದಾರಿ. ಬಂದವರನ್ನು ಕಾರ್ಡ್ ಇದೆಯಾ ಅಂತ ಕೇಳುವುದಿಲ್ಲ. ಊಟ ಆಯ್ತಾ ಅಂತ ಕೇಳುತ್ತೇವೆ, ಅದು ಉಪಚಾರದ ಮಾತಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

"ಆಯುಷ್ಮಾನ್ ಕಾರ್ಡ್ ಇದೆಯಲ್ಲ, ಐದು ಲಕ್ಷದವರೆಗೂ ಉಚಿತ, ಮತ್ತೆ ನಿಮ್ಮ ಕ್ಲಿನಿಕ್ ಯಾಕೆ?" ಅಂತ ನನ್ನ ಸ್ನೇಹಿತರೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ರಾಜ್ಯದಲ್ಲಿ 2018ರಲ್ಲಿ ಮೊದಲು ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯ ಯೋಜನೆ. ಹಾರ್ಟ್ ಆಪರೇಷನ್ ಆಗಿ ಮನೆಗೆ ನಡೆದುಕೊಂಡು ಬಂದವರನ್ನು ನಾನೇ ನೋಡಿದ್ದೇನೆ, ಆ ಕಾರ್ಡ್ ಇಲ್ಲದಿದ್ದರೆ ಅವರು ಇರುತ್ತಿರಲಿಲ್ಲ. ಆದರೆ ಆ ಕಾರ್ಡ್ ಮುಖ್ಯವಾಗಿ ಅಡ್ಮಿಟ್ ಆದವರಿಗೆ. ಮೆಡಿಕಲ್ ಶಾಪಿನಲ್ಲಿ ತಿಂಗಳು ತಿಂಗಳು ಕೊಳ್ಳುವ ಬಿಪಿ ಮಾತ್ರೆಗೆ ಅದು ದುಡ್ಡು ಕೊಡುವುದಿಲ್ಲ. ಮಾತ್ರೆ ಇಲ್ಲದೆ ಲಕ್ವ ಹೊಡೆದು ಬಿದ್ದ ಮೇಲೆ ಕಾರ್ಡ್ ಕೆಲಸಕ್ಕೆ ಬರುತ್ತದೆ. ಲಕ್ವ ಹೊಡೆಯದ ಹಾಗೆ ನೋಡಿಕೊಳ್ಳೋದು ಯಾರು?

ಇನ್ನು ಕಾರ್ಡೇ ಇಲ್ಲದವರು. ತೋಟದ ಆಳುಗಳ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಮೂರು ತಲೆಮಾರಿನಿಂದ ಇರುವ ಯರವ ಬುಡಕಟ್ಟಿನವರಿದ್ದಾರೆ. ಮನೆ ಅವರದಲ್ಲ, ತೋಟದ್ದು. ವಿಳಾಸಕ್ಕೆ ದಾಖಲೆ ಕೊಡಿ ಅಂದರೆ ಎಲ್ಲಿಂದ ತರಬೇಕು? ವಿಳಾಸ ಇಲ್ಲದೆ ರೇಷನ್ ಕಾರ್ಡ್ ಇಲ್ಲ, ರೇಷನ್ ಕಾರ್ಡ್ ಇಲ್ಲದೆ ಉಳಿದದ್ದೂ ಕಷ್ಟ. ಕಾಫಿ ಕುಯ್ಲಿಗೆ ಅಂತ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬರುವವರ ರೇಷನ್ ಕಾರ್ಡ್ ಊರಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿರುತ್ತದೆ. ಆಯುಷ್ಮಾನ್ ಬೇರೆ ರಾಜ್ಯದಲ್ಲೂ ನಡೆಯುತ್ತದೆ ಅನ್ನೋದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಬಂಗಾಳವಂತೂ 2019ರಲ್ಲೇ ಆ ಯೋಜನೆ ಬಿಟ್ಟು ತನ್ನದೇ ಕಾರ್ಡ್ ಇಟ್ಟುಕೊಂಡಿತ್ತು. ತೋಟದ ಕಾರ್ಮಿಕರಿಗೆ ವೈದ್ಯರ ವ್ಯವಸ್ಥೆ ಮಾಲೀಕರ ಹೊಣೆ ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು, ಆದರೆ ಅದು ದೊಡ್ಡ ತೋಟಗಳಿಗೆ. ನಮ್ಮಲ್ಲಿ ಜಾಸ್ತಿ ಇರೋದು ಸಣ್ಣ ಬೆಳೆಗಾರರು, ಹತ್ತು ಎಕರೆಯವರು, ಐದು ಎಕರೆಯವರು. ನಾನೂ ಅದೇ ಪೈಕಿ.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತವಾಗೇ ಕೊಡುತ್ತಾರೆ, ಅದನ್ನು ಮುಚ್ಚಿಡಬಾರದು. ಕಷ್ಟ ಇರೋದು ದಿನದ್ದು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ರೋಬಸ್ಟಾ ಕಾಫಿ ಕುಯ್ಲು. ಕೆಜಿ ಲೆಕ್ಕದ ಕೂಲಿ, ವರ್ಷದ ದುಡಿಮೆ ಅಂದರೆ ಅದೇ. ಬುಧವಾರ ಆಸ್ಪತ್ರೆಗೆ ಹೋದರೆ ಬಸ್ಸಿಗೆ ಕಾದು, ಓಪಿ ಚೀಟಿಗೆ ನಿಂತು, ವಾಪಸ್ ಬರುವಷ್ಟರಲ್ಲಿ ಸಂಜೆ, ಆ ದಿನದ ಕೂಲಿ ಹೋಯಿತು. ಆಸ್ಪತ್ರೆ ಉಚಿತ, ಹೋಗಿ ಬರೋದು ಉಚಿತ ಅಲ್ಲ. ಹಾಗಾಗಿ ಭಾನುವಾರ. ರಜಾ, ಸಂತೆ. ಹೇಗೂ ಜೀಪು ಹತ್ತಿ ಬರುತ್ತಾರೆ, ಸಂತೆಗೆ ಮೊದಲು ಇಲ್ಲಿ ಇಳಿಯುತ್ತಾರೆ.

ಶುರುವಿನಲ್ಲಿ ನಮ್ಮ ತಲೆಯಲ್ಲಿದ್ದದ್ದು ಕ್ಯಾಂಪ್. ವರ್ಷಕ್ಕೆರಡು, ಶಾಮಿಯಾನ, ಬ್ಯಾನರ್, ಮೈಸೂರಿನಿಂದ ಡಾಕ್ಟರುಗಳು. ಮೊದಲ ಕ್ಯಾಂಪಿನಲ್ಲಿ ಎಷ್ಟೋ ಜನರಿಗೆ ಬಿಪಿ ಇದೆ ಅಂತ ಹೇಳಿ, ಹದಿನೈದು ದಿನದ ಮಾತ್ರೆ ಕೊಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಬಂದೆವು. ಹದಿನಾರನೇ ದಿನ ಅವರು ಏನು ಮಾಡಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಕಣ್ಣಿನ ಪೊರೆಗೆ ಕ್ಯಾಂಪ್ ಒಳ್ಳೆಯದು, ಆಪರೇಷನ್ ಆದರೆ ಕೆಲಸ ಆಯಿತು. ಬಿಪಿ, ಶುಗರ್ ಹಾಗಲ್ಲ. ಅದಕ್ಕೆ ಬೇಕಾದದ್ದು ಅದೇ ಬಾಗಿಲು, ಅದೇ ದಿನ, ಅದೇ ಮುಖ. ಮಳೆ ಬಂದರೂ ತೆಗೆದಿರಬೇಕು. ಜುಲೈನಲ್ಲಿ ಒಂದು ಭಾನುವಾರ ಬರೀ ನಾಲ್ಕು ಜನ ಬಂದಿದ್ದರು. ಇಬ್ಬರು ಕಾಲ್ಬೆರಳ ಸಂದಿಯ ಕೆಸರುಹುಣ್ಣಿಗೆ, ಒಬ್ಬರು ಕೆಮ್ಮಿಗೆ, ಒಬ್ಬ ಅಜ್ಜಿ ಸುಮ್ನೆ ಬೆಂಕಿ ಕಾಯೋಕೆ. ಅಜ್ಜಿಯ ಬಿಪಿ ನೋಡಿದರೆ 190. ಅವತ್ತು ಬಾಗಿಲು ಹಾಕಿದ್ದರೆ?

ಈಗ ಊಟದ ವಿಷಯ. ಇದು ನನ್ನ ತಪ್ಪು, ಅದಕ್ಕೇ ಪೂರ್ತಿ ಹೇಳುತ್ತೇನೆ. ಎರಡನೇ ವರ್ಷ ಒಬ್ಬರಿಗೆ ಶುಗರ್ ಜಾಸ್ತಿ ಬಂತು, ಡಾಕ್ಟರು ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಬರೆದರು. ನಾನು ಅಂಗಡಿಯಲ್ಲಿ ವರ್ಷಾನುಗಟ್ಟಲೆ ಹೇಳಿದ ಹಾಗೇ, "ಬೆಳಿಗ್ಗೆ ತಿಂಡಿ ಹೊತ್ತಿಗೆ ತಗೊಳ್ಳಿ" ಅಂದೆ. ಅವರು ತಲೆ ಆಡಿಸಿದರು. ನಾಲ್ಕನೇ ದಿನ ತೋಟದಲ್ಲಿ ಇಳಿಜಾರಿನಲ್ಲಿ ಏಣಿ ಮೇಲಿಂದ ಬಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಜೊತೆಯಲ್ಲಿದ್ದ ಹೆಂಗಸು ಬುತ್ತಿಯಲ್ಲಿದ್ದ ಬೆಲ್ಲ ಬಾಯಿಗೆ ಹಾಕಿದ್ದರಿಂದ ಉಳಿದರು. ಆಮೇಲೆ ಹೋಗಿ ವಿಚಾರಿಸಿದೆ. ಅವರ ಮನೆಯಲ್ಲಿ ತಿಂಡಿ ಅನ್ನೋದೇ ಇಲ್ಲ. ಬೆಳಿಗ್ಗೆ ಆರಕ್ಕೆ ಬೆಲ್ಲದ ಕರಿಕಾಫಿ, ಆಮೇಲೆ ಕೆಲಸ, ಅನ್ನ ಅಂತ ಬಾಯಿಗೆ ಬೀಳೋದು ಮಧ್ಯಾಹ್ನ ಒಂದಕ್ಕೆ. ಗ್ಲಿಮಿಪಿರೈಡ್ ಖಾಲಿ ಹೊಟ್ಟೆ ಅಂತ ನೋಡುವುದಿಲ್ಲ, ರಕ್ತದಲ್ಲಿರುವ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಅದರ ಮೇಲೆ ಮೈಮುರಿಯುವ ಕೆಲಸ. ನಾನು ತಿಂಡಿ ಅಂದೆ, ಅವರು ಕರಿಕಾಫಿ ಅಂದುಕೊಂಡರು. ಅವತ್ತಿನಿಂದ ನಾವು ಬೆಳಿಗ್ಗೆ, ರಾತ್ರಿ ಅಂತ ಹೇಳುವುದನ್ನು ಬಿಟ್ಟೆವು. "ದಿನದ ಮೊದಲ ಅನ್ನ ಯಾವಾಗ?" ಅಂತ ಕೇಳುತ್ತೇವೆ. ಅದನ್ನು ರಿಜಿಸ್ಟರಿನಲ್ಲಿ ಬಿಪಿ ಪಕ್ಕದಲ್ಲೇ ಬರೆಯುತ್ತೇವೆ, ಡಾಕ್ಟರು ಅದನ್ನು ನೋಡಿಯೇ ಮಾತ್ರೆ ಬರೆಯುತ್ತಾರೆ. ಕುಯ್ಲಿನ ಮೂರು ತಿಂಗಳು ಆ ಮಾತ್ರೆಯನ್ನು ಆದಷ್ಟು ಬರೆಯುವುದೇ ಇಲ್ಲ.

ಉಚಿತ ಅಂದ ಮಾತ್ರಕ್ಕೆ ಹೇಗೆ ಬೇಕಾದರೂ ನಡೆಸಬಹುದು ಅಂತಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿ ಮಾಡಿಸಿದೆವು. ಶುಗರ್ ನೋಡಲು ಬೆರಳಿಗೆ ಚುಚ್ಚುವ ಸೂಜಿ ಇದೆಯಲ್ಲ, ಅದನ್ನು ಕಸದ ಗುಂಡಿಗೆ ಎಸೆಯುವಂತಿಲ್ಲ. ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ಸೂಜಿ ಬಿಳಿ ಗಟ್ಟಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಸಿಸ್ಟರ್ ಇದರಲ್ಲಿ ತುಂಬ ಕಟ್ಟುನಿಟ್ಟು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿದ್ದಾರೆ, ಅದಕ್ಕೇ.

ಸಹಾಯ ಮಾಡಬೇಕು ಅಂತ ತುಂಬ ಜನ ಫೋನ್ ಮಾಡುತ್ತಾರೆ. ಬಹಳ ಸಂತೋಷ. ಆದರೆ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಚೀಲದಲ್ಲಿ ತುಂಬಿ ತರಬೇಡಿ, ಕೈಮುಗಿದು ಕೇಳುತ್ತೇನೆ. ತೀರಿಹೋದ ಅಪ್ಪನ ಮಾತ್ರೆ ಎಸೆಯೋಕೆ ಮನಸ್ಸು ಬರುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಆದರೆ ಅರ್ಧ ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಹೆಸರಿದ್ದರೆ ತಾರೀಕು ಇರುವುದಿಲ್ಲ, ತಾರೀಕಿದ್ದರೆ ಹೆಸರಿರುವುದಿಲ್ಲ. ಎಲ್ಲಿ, ಎಷ್ಟು ಬಿಸಿಲಲ್ಲಿ ಇಟ್ಟಿದ್ದರೋ ಗೊತ್ತಿಲ್ಲ. ಅಂಥ ಚೀಲವನ್ನು ಬಿಡಿಸಿ ನೋಡಿ, ಬೇರೆ ಮಾಡಿ, ಕೊನೆಗೆ ನಾಶ ಮಾಡಲು ಕಳಿಸೋಕೆ ನಮಗೆ ಒಂದು ಪೂರ್ತಿ ಸಂಜೆ ಹೋಗುತ್ತದೆ. ನಾವು ನಮ್ಮ ಮನೆಯವರಿಗೆ ಕೊಡದ ಮಾತ್ರೆಯನ್ನು ಅವರಿಗೂ ಕೊಡಬಾರದು ಅಲ್ವಾ.

ಬೇಕಾದದ್ದು ಸಣ್ಣ ವಸ್ತುಗಳೇ. ಜೆನೆರಿಕ್‌ನಲ್ಲಿ ತಗೊಂಡರೆ ಒಬ್ಬರಿಗೆ ಒಂದು ತಿಂಗಳ ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಗೆ ಹೋಟೆಲಿನ ಒಂದು ಊಟಕ್ಕಿಂತ ಕಡಿಮೆ ಆಗುತ್ತದೆ. ದುಬಾರಿ ಆಗೋದು ಶುಗರ್ ನೋಡುವ ಸ್ಟ್ರಿಪ್, ಒಂದಕ್ಕೆ ಹತ್ತರಿಂದ ಇಪ್ಪತ್ತು ರೂಪಾಯಿ. ಅದೂ ನಮ್ಮ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸ್ವಲ್ಪ ಹೊತ್ತು ತೆರೆದಿಟ್ಟರೆ ಸಾಕು, ತೇವ ಹಿಡಿದು ತಪ್ಪು ಲೆಕ್ಕ ತೋರಿಸುತ್ತದೆ. ಹುಡುಗಿಯರಿಗೆ ಮೊದಲ ದಿನ ಕಲಿಸೋದೇ ಅದು: ಒಂದು ತೆಗಿ, ಟಕ್ ಅಂತ ಮುಚ್ಚು, ಆಮೇಲೆ ಬೆರಳು ಹಿಡಿ. ಆ ಟಕ್ ಶಬ್ದ ಕೇಳದಿದ್ದರೆ ಸಿಸ್ಟರ್ ಆ ಕಡೆಯಿಂದಲೇ ತಲೆ ಎತ್ತಿ ನೋಡುತ್ತಾರೆ. ದುಡ್ಡಿಗಿಂತ ದೊಡ್ಡ ಸಹಾಯ ಬೆಳೆಗಾರರದು. ನಿಮ್ಮ ತೋಟದ ಪಿಕಪ್ ಭಾನುವಾರ ಸಂತೆಗೆ ಹೋಗುವಾಗ ಹತ್ತು ನಿಮಿಷ ನಮ್ಮ ಗೇಟಿನ ಹತ್ತಿರ ನಿಲ್ಲಲಿ. ಮೇಸ್ತ್ರಿಗೆ ಒಂದು ಮಾತು ಹೇಳಿ. ಟಿಬಿ ಅಂತ ಗೊತ್ತಾದ ಆಳನ್ನು ಮಾರನೇ ದಿನವೇ ಲೈನ್ ಮನೆಯಿಂದ ಕಳಿಸಬೇಡಿ.

ಟಿಬಿ ಬಗ್ಗೆ ಸ್ವಲ್ಪ ಹೇಳಬೇಕು. ಅದರ ಔಷಧಿ ನಾವು ಇಡುವುದಿಲ್ಲ, ಇಡಬಾರದು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಅಂದರೆ ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೇ ಕಳಿಸುತ್ತೇವೆ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಜೊತೆ ಮಾಡಿ ಕಳಿಸುತ್ತೇವೆ. ಅಲ್ಲಿ ಪರೀಕ್ಷೆ ಉಚಿತ, ಆರು ತಿಂಗಳ ಔಷಧಿ ಉಚಿತ, ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 500 ಇದ್ದದ್ದನ್ನು 2024ರ ನವೆಂಬರಿನಿಂದ 1000 ರೂಪಾಯಿ ಮಾಡಿದ್ದಾರೆ. ನಿಕ್ಷಯ್ ಅಂತ ಒಂದು ನಂಬರ್ ಕೊಡುತ್ತಾರೆ, ಆ ನಂಬರ್ ಇದ್ದರೆ ಕುಯ್ಲು ಮುಗಿಸಿ ಊರಿಗೆ ಹೋದರೂ ಅಲ್ಲಿನ ಆಸ್ಪತ್ರೆಯಲ್ಲಿ ಔಷಧಿ ಮುಂದುವರಿಯುತ್ತದೆ. ಹಾವು ಕಚ್ಚಿದರೂ ಅಷ್ಟೇ, ನಮ್ಮ ಹತ್ತಿರ ಬಂದು ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ.

ಟಿಬಿಗೆ ಆ ನಂಬರ್ ಇದೆ, ನಾವು ಕೊಡುವ ಬಿಪಿಯ ಚೀಟಿಗೆ ಅಂಥದ್ದಿಲ್ಲ. ಇದು ನನ್ನ ಮನಸ್ಸಿಗೆ ಬಂದದ್ದು ಹೋದ ವರ್ಷದ ಕೊನೆಯಲ್ಲಿ. ಅಸ್ಸಾಮಿನ ಹೆಂಗಸೊಬ್ಬರು, ನಲವತ್ತರ ಆಸುಪಾಸು, ಮೂರು ತಿಂಗಳು ಒಂದು ವಾರವೂ ತಪ್ಪಿಸದೆ ಬಂದಿದ್ದರು. ಬಿಪಿ ಹತೋಟಿಗೆ ಬಂದಿತ್ತು. ಮಾರ್ಚ್ ಕೊನೆಗೆ ಊರಿಗೆ ಹೊರಟಾಗ ಎರಡು ತಿಂಗಳ ಮಾತ್ರೆ ಕಟ್ಟಿಕೊಟ್ಟೆ. ಡಿಸೆಂಬರಿನಲ್ಲಿ ವಾಪಸ್ ಬಂದು ನನ್ನ ಮೇಜಿನ ಮೇಲೆ ನನ್ನದೇ ಪೇಪರ್ ಕವರ್ ಇಟ್ಟರು. ಖಾಲಿ, ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಮೇ ತಿಂಗಳಲ್ಲೇ ಮುಗಿದಿತ್ತಂತೆ. ಅಲ್ಲಿನ ಆಸ್ಪತ್ರೆಗೆ ಕವರ್ ತಗೊಂಡು ಹೋಗಿ ತೋರಿಸಿದರಂತೆ. ಅದರ ಮೇಲೆ ನಾನು ಬರೆದದ್ದು ಕನ್ನಡದಲ್ಲಿ. ಅಲ್ಲಿ ಯಾರಿಗೂ ಓದೋಕೆ ಬರಲಿಲ್ಲ.

ಈ ಸಲ ಊರಿಗೆ ಹೋಗುವ ಪ್ರತಿಯೊಬ್ಬರ ಕೈಗೂ ಒಂದು ಕಾಗದ ಕೊಡುತ್ತಿದ್ದೇವೆ. ಔಷಧಿಯ ಹೆಸರು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ, ಕಂಪನಿಯ ಹೆಸರಲ್ಲ, ಮೂಲ ಔಷಧಿಯದ್ದೇ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಕೊನೆಯ ಮೂರು ಸಲದ ಬಿಪಿ, ಡಾಕ್ಟರ ಸಹಿ. ಕೆಳಗೆ ಎರಡು ಸಾಲು ಹಿಂದಿಯಲ್ಲಿ, ಇವರಿಗೆ ಈ ಮಾತ್ರೆ ನಿಲ್ಲಿಸಬೇಡಿ ಅಂತ. ಹಿಂದಿ ಬರೆಯೋದು ಕಾಲೇಜಿನ ಹುಡುಗಿಯರು. ಅದನ್ನು ಲ್ಯಾಮಿನೇಷನ್ ಮಾಡಿಸಿ ಕೊಡುತ್ತೇವೆ, ಯಾಕೆಂದರೆ ರೈಲಿನಲ್ಲಿ ಮೂರು ದಿನ ಬೆವರಿನಲ್ಲಿ ಜೇಬಿನಲ್ಲಿದ್ದರೆ ಕಾಗದ ಉಳಿಯುವುದಿಲ್ಲ. ಸಿದ್ದಾಪುರದ ಜೆರಾಕ್ಸ್ ಅಂಗಡಿಯವರು ಲ್ಯಾಮಿನೇಷನ್‌ಗೆ ಅರ್ಧ ದುಡ್ಡು ಮಾತ್ರ ತಗೊಳ್ಳುತ್ತಿದ್ದಾರೆ. ಇಲ್ಲಿಯವರೆಗೆ ಅರವತ್ತೆರಡು ಆಗಿದೆ, ಮೊದಲನೆಯದು ಆ ಅಸ್ಸಾಮಿನ ಹೆಂಗಸಿನದು.